ಗೋಳಗುಮ್ಮಟದ ಪಿಸುಮಾತಿನಿಂದ ಕ್ಯೂಬಿಟ್‌ವರೆಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ನಮ್ಮ ಬ್ಯಾಚಿನ ಗೆಳೆಯರು ಫೋನ್ ಮಾಡಿದಾಗ, ಶಾಲೆಯ ದಿನಗಳ ನೆನಪುಗಳನ್ನೇ ಬರೆದು ಕಳಿಸೋಣ ಎಂದುಕೊಂಡಿದ್ದೆ. ಬರೆಯಲು ಕುಳಿತಾಗ ಮೊದಲು ನೆನಪಾದದ್ದು ಒಂದು ಪ್ರಶ್ನೆ. ನಮ್ಮ ವಿಜ್ಞಾನದ ಗುರುಗಳು ಕೇಳಿದ ಆ ಪ್ರಶ್ನೆಗೆ ನಾನು ಇದುವರೆಗೆ ಉತ್ತರ ಕೊಟ್ಟಿರಲಿಲ್ಲ. ಈ ಲೇಖನ ಇಪ್ಪತ್ತು ವರ್ಷ ತಡವಾಗಿ ಕೊಡುತ್ತಿರುವ ಆ ಉತ್ತರ.

ಒಂಬತ್ತನೇ ಇಯತ್ತೆಯಲ್ಲಿದ್ದಾಗ ಗುರುಗಳು ನಮ್ಮನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದರು. ವಿಜಯಪುರಕ್ಕೆ ಆಗಿನ್ನೂ ಬಿಜಾಪುರ ಎಂದೇ ಹೆಸರು. ನಸುಕಿನಲ್ಲಿ ಎದ್ದು, ಬುತ್ತಿ ಕಟ್ಟಿಕೊಂಡು, ತಾಂಬಾದಿಂದ ಬಸ್ಸು ಹಿಡಿದಿದ್ದೆವು. ಜನರ ಗದ್ದಲ ಶುರುವಾಗುವ ಮೊದಲೇ ಮೇಲೆ ಹತ್ತಬೇಕು ಎಂಬುದು ಗುರುಗಳ ಹಟ. ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ಗುಮ್ಮಟದ ಬುಡದಲ್ಲಿರುವ ಸುತ್ತು ಮೊಗಸಾಲೆಗೆ ಬಂದೆವು. ಗುರುಗಳು ನನ್ನನ್ನು ಒಂದು ಕಡೆ ನಿಲ್ಲಿಸಿ, ನನ್ನ ಗೆಳೆಯನನ್ನು ಸರಿ ಎದುರಿನ ತುದಿಗೆ ಕಳಿಸಿದರು.

“ತಮ್ಮಾ, ಗ್ವಾಡಿಗಿ ಕಿವಿ ಹಚ್ಚು” ಎಂದರು.

ಹಚ್ಚಿದೆ. ಕಿವಿಯ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಗೆಳೆಯನ ಪಿಸುಮಾತು ಕೇಳಿತು: “ಬುತ್ತಿ ಯಾವಾಗ ಬಿಚ್ಚೂದು?”

ನಾನು ಹೌಹಾರಿ, “ಸರ್, ಅಂವಾ ಮಾತಾಡಿದ್ದು ಕೇಳಸ್ತದ್ರಿ!” ಎಂದು ಕೂಗಿದೆ. ಆ ಕೂಗು ಗುಮ್ಮಟದಲ್ಲಿ ಮತ್ತೆ ಮತ್ತೆ ಮೊಳಗಿತು. ಎಲ್ಲರೂ ನಕ್ಕರು. ನಗು ಅಡಗಿದ ಮೇಲೆ ಗುರುಗಳು ಕೇಳಿದರು: “ನೀ ಕೂಗಿದ್ದು ತಿರುಗಿ ಬಂತಲ್ಲ, ಅದು ಪ್ರತಿಧ್ವನಿ. ಆದ್ರ ಅಂವನ ಪಿಸುಮಾತು ನಡುವ ನಿಂತವರಿಗೆ ಕೇಳಲಿಲ್ಲ, ನಿನಗ ಕೇಳ್ತು. ಅದು ಹ್ಯಾಂಗ ಬಂತು?” ನಮಗೆ ಯಾರಿಗೂ ತಿಳಿಯಲಿಲ್ಲ. ಅವರೇ ಹೇಳಿದರು: “ನನಗೂ ಪೂರಾ ಗೊತ್ತಿಲ್ಲ. ದೊಡ್ಡವರಾಗಿ ಹುಡುಕಿ ಬಂದು ಹೇಳ್ರಿ.”

ತನಗೆ ಗೊತ್ತಿಲ್ಲ ಎಂದು ಮಕ್ಕಳೆದುರು ಒಪ್ಪಿಕೊಂಡ ಗುರುಗಳನ್ನು ನಾನು ಅಂದು ಮೊದಲ ಸಲ ಕಂಡೆ. ಉತ್ತರಕ್ಕಿಂತ ಆ ಮಾತೇ ನನ್ನ ಜೊತೆ ಹೆಚ್ಚು ದೂರ ಬಂದಿತು.

ಉತ್ತರ ಸಿಕ್ಕದ್ದು ಬಹಳ ವರ್ಷಗಳ ಮೇಲೆ, ಬೆಂಗಳೂರಿನಲ್ಲಿ. ಅದೇ ಪ್ರಶ್ನೆಯನ್ನು ನಮಗಿಂತ ಬಹಳ ಮುಂಚೆ ಕೇಳಿದವರು ಸರ್ ಸಿ.ವಿ. ರಾಮನ್. ಪ್ರತಿ ವರ್ಷ ಫೆಬ್ರುವರಿ 28ರಂದು ವಿಜ್ಞಾನ ದಿನಾಚರಣೆಯಲ್ಲಿ ನಾವು ಯಾರ ಫೋಟೋಕ್ಕೆ ಹೂವಿನ ಹಾರ ಹಾಕುತ್ತಿದ್ದೆವೋ ಅದೇ ರಾಮನ್. ನಾವು ಚಾರ್ಟ್ ಬರೆದು ತೂಗುಹಾಕುತ್ತಿದ್ದ ಮನುಷ್ಯ ನಮ್ಮ ಜಿಲ್ಲೆಯ ಗುಮ್ಮಟದ ಬಗ್ಗೆಯೂ ಬರೆದಿದ್ದಾರೆ ಎಂದು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

1921ರಲ್ಲಿ ರಾಮನ್ ಕಲಕತ್ತಾ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲೂ ಗೋಳಗುಮ್ಮಟದಂಥದೇ ಪಿಸುಗುಟ್ಟುವ ಗ್ಯಾಲರಿ ಇದೆ. ಅಲ್ಲಿ ಶಬ್ದ ಆಚೆ ಈಚೆ ಪುಟಿಯುವುದಿಲ್ಲ, ಬಾಗಿದ ಗೋಡೆಯನ್ನೇ ತಬ್ಬಿಕೊಂಡು ತೆವಳುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲೀ ಹೇಳಿದ್ದರು. ರಾಮನ್ ಅಲ್ಲಿ ಪ್ರಯೋಗ ಮಾಡಿದಾಗ ಇನ್ನೊಂದು ಸಂಗತಿ ಕಂಡಿತು. ಗೋಡೆಯಿಂದ ದೂರ ಸರಿದಂತೆ ಶಬ್ದ ಒಂದೇ ಸಮನೆ ಕಡಿಮೆಯಾಗುವುದಿಲ್ಲ, ಏರುತ್ತ ಇಳಿಯುತ್ತ ಹೋಗುತ್ತದೆ. ಬಾವಿಗೆ ಎರಡು ಕಲ್ಲು ಒಗೆದರೆ ತೆರೆಗಳು ಕೆಲವೆಡೆ ಕೂಡಿ ಎತ್ತರವಾಗುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಇದೂ ಹಾಗೆಯೇ. ಊರಿಗೆ ಮರಳಿದ ಮೇಲೆ 1922ರಲ್ಲಿ ಪಿಸುಗುಟ್ಟುವ ಗ್ಯಾಲರಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ ರಾಮನ್ ನಮ್ಮ ಗೋಳಗುಮ್ಮಟವನ್ನೂ ಸೇರಿಸಿದರು. ಗುರುಗಳ ಪ್ರಶ್ನೆಗೆ ಅರ್ಧ ಉತ್ತರ ಇದು: ಪಿಸುಮಾತು ಗೋಡೆ ಹಿಡಿದು ಬಂತು, ಅದಕ್ಕೇ ನಡುವೆ ನಿಂತವರಿಗೆ ಕೇಳಲಿಲ್ಲ.

ಉಳಿದರ್ಧ ಉತ್ತರಕ್ಕೆ ಅದೇ 1921ರ ಪ್ರವಾಸದ ಜೊತೆ ಹೋಗಬೇಕು. ಮರಳಿ ಬರುವಾಗ ಹಡಗಿನ ಮೇಲೆ ನಿಂತು ಮೆಡಿಟರೇನಿಯನ್ ಸಮುದ್ರದ ಕಡುನೀಲಿ ನೋಡಿದ ರಾಮನ್, ಅದು ಬರೀ ಆಕಾಶದ ಪ್ರತಿಬಿಂಬ ಎಂಬ ಮಾತನ್ನು ಒಪ್ಪಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. ಅಲ್ಲಿಂದ ಏಳು ವರ್ಷ ಬೆಳಕಿನ ಚದುರುವಿಕೆಯ ಬೆನ್ನು ಹತ್ತಿದರು. 1928ರ ಫೆಬ್ರುವರಿ 28ರಂದು ಕಲಕತ್ತೆಯಲ್ಲಿ ಕೆ.ಎಸ್. ಕೃಷ್ಣನ್ ಅವರ ಜೊತೆಗೂಡಿ ಕಂಡದ್ದು ಇದು: ಒಂದೇ ಬಣ್ಣದ ಬೆಳಕನ್ನು ದ್ರವದೊಳಗೆ ಬಿಟ್ಟರೆ, ಚದುರಿ ಹೊರಬರುವ ಬೆಳಕಿನಲ್ಲಿ ಆ ಬಣ್ಣದ ಜೊತೆಗೆ ಬೇರೆ ಬಣ್ಣಗಳೂ ಇರುತ್ತವೆ.

ಇದರ ಮಹತ್ವ ತಿಳಿಯಲು ‘ಕ್ವಾಂಟಮ್’ ಎಂದರೇನು ಎಂಬುದನ್ನು ನಮ್ಮೂರಿನ ರೀತಿಯಲ್ಲೇ ಹೇಳುತ್ತೇನೆ. ಸಂತೆಯಲ್ಲಿ ಎಣ್ಣೆಯನ್ನು ಎಷ್ಟು ಬೇಕೋ ಅಷ್ಟು ಸುರಿದು ಕೊಡುತ್ತಾರೆ. ಲಿಂಬೆಹಣ್ಣನ್ನು ಎಣಿಸಿ ಕೊಡುತ್ತಾರೆ. ಒಂದು ಕೊಡಬಹುದು, ಎರಡು ಕೊಡಬಹುದು, ಒಂದೂಕಾಲು ಹಣ್ಣು ಕೊಡುವುದಿಲ್ಲ. ಬೆಳಕಿನ ಶಕ್ತಿ ಎಣ್ಣೆಯಂತೆ ಹರಿಯುತ್ತದೆ ಎಂದು ಹಿಂದೆ ನಂಬಿದ್ದರು. ಬಿಸಿ ವಸ್ತುಗಳು ಶಕ್ತಿಯನ್ನು ಲಿಂಬೆಹಣ್ಣಿನಂತೆ ಇಡಿ ಇಡಿಯಾಗಿ ಕೊಡುತ್ತವೆ ಎಂದು 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಲೆಕ್ಕ ಹಾಕಿದರು. ಬೆಳಕೇ ಅಂಥ ಗಂಟುಗಳಾಗಿ ಬರುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ವಾದಿಸಿದರು. ರಾಮನ್ ಕಂಡದ್ದು ಈ ವ್ಯವಹಾರವನ್ನೇ. ಬೆಳಕಿನ ಗಂಟು ಅಣುವಿಗೆ ತಗಲಿ, ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಅದಕ್ಕೆ ಕೊಟ್ಟು, ಬಣ್ಣ ಬದಲಿಸಿ ಹೊರಡುತ್ತದೆ. ಯಾವ ಅಣು ಎಷ್ಟು ಪಾಲು ತೆಗೆದುಕೊಳ್ಳುತ್ತದೆ ಎಂಬುದು ಆಯಾ ಅಣುವಿಗೆ ಗೊತ್ತುಪಡಿಸಿದ ಲೆಕ್ಕ. ಹೀಗಾಗಿ ಬಣ್ಣದ ವ್ಯತ್ಯಾಸ ಅಳೆದರೆ ಅಣುವಿನ ಗುರುತು ಸಿಗುತ್ತದೆ. ಆಗ ಹೊಸದಾಗಿ ಹುಟ್ಟಿದ್ದ ಕ್ವಾಂಟಮ್ ವಿಜ್ಞಾನಕ್ಕೆ ಇದು ಬಲವಾದ ಸಾಕ್ಷಿಯಾಯಿತು. ಎರಡು ವಾರದ ಮೇಲೆ, 1928ರ ಮಾರ್ಚ್ 16ರಂದು, ರಾಮನ್ ಈ ಶೋಧವನ್ನು ವಿವರವಾಗಿ ಉಪನ್ಯಾಸದಲ್ಲಿ ಮಂಡಿಸಿದ್ದು ನಮ್ಮ ಬೆಂಗಳೂರಿನಲ್ಲಿ. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಜನ ಕರೆಯುವ ಟಾಟಾ ಇನ್‌ಸ್ಟಿಟ್ಯೂಟಿನ, ಮೊದಲ ಭಾರತೀಯ ನಿರ್ದೇಶಕರಾದರು.

ಇಲ್ಲಿಂದ ಮುಂದಿನ ಕಥೆ ನನಗೆ ಬಹಳ ಹತ್ತಿರದ್ದು. ಅದನ್ನು ಹೇಳುವ ಮೊದಲು ನನ್ನದೊಂದು ಮಾತು.

ತಾಂಬಾದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮುಂದೆ ಬಿ.ಇ. ಸೇರಿದೆ. ಮೊದಲ ವರ್ಷದ ಭೌತವಿಜ್ಞಾನದಲ್ಲಿ ಕ್ವಾಂಟಮ್ ಪಾಠ ಬಂತು. ಎಲೆಕ್ಟ್ರಾನ್ ಎಲ್ಲಿ ಸಿಗಬಹುದು ಎಂಬ ಸಂಭವನೀಯತೆ ಬೇಕಾದರೆ ಅದರ ತರಂಗದ ಅಳತೆಯನ್ನು ವರ್ಗ ಮಾಡಬೇಕು ಎಂದು ಪುಸ್ತಕದಲ್ಲಿತ್ತು. ಅದರ ಜೊತೆ ಮ್ಯಾಕ್ಸ್ ಬಾರ್ನ್ ಎಂಬ ಹೆಸರಿತ್ತು. ವರ್ಗ ಏಕೆ ಮಾಡಬೇಕು, ಮೊದಲೇ ಸಂಭವನೀಯತೆಯನ್ನು ಬರೆದರೆ ಏನಾಗುತ್ತದೆ ಎಂದು ಕೇಳಲು ಎದ್ದು ನಿಂತೆ. ಪ್ರಶ್ನೆ ಕನ್ನಡದಲ್ಲಿ ತಲೆಯೊಳಗೆ ಸರಿಯಾಗಿಯೇ ಇತ್ತು. ಇಂಗ್ಲಿಷಿನಲ್ಲಿ ಎರಡು ಶಬ್ದ ಹೊರಟು ಮೂರನೆಯದು ಬರಲಿಲ್ಲ. ಹಿಂದಿನ ಬೆಂಚಿನಿಂದ ನಗು ಬಂತು. ಕುಳಿತುಬಿಟ್ಟೆ. ಆಮೇಲೆ ಎರಡು ವರ್ಷ ತರಗತಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಇದು ನಮ್ಮ ವಿಷಯವಲ್ಲ, ಇದು ಎಲ್ಲಿಯೋ ದೂರದ, ಬೇರೆ ಯಾರದೋ ವಿಷಯ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಆ ಮ್ಯಾಕ್ಸ್ ಬಾರ್ನ್ ಬೆಂಗಳೂರಿನಲ್ಲಿ ಆರು ತಿಂಗಳು ಇದ್ದರು ಎಂದು ಆಗ ನನಗೆ ಯಾರಾದರೂ ಹೇಳಿದ್ದರೆ!

ಬಾರ್ನ್ ಜರ್ಮನಿಯವರು. ‘ಕ್ವಾಂಟಮ್ ಮೆಕ್ಯಾನಿಕ್ಸ್’ ಎಂಬ ಹೆಸರನ್ನು 1924ರಲ್ಲಿಯೇ ತಮ್ಮ ಲೇಖನದ ತಲೆಬರಹದಲ್ಲಿ ಇಟ್ಟವರು. 1925ರಲ್ಲಿ ಹೈಸೆನ್‌ಬರ್ಗ್ ಮತ್ತು ಯೋರ್ಡಾನ್ ಜೊತೆ ಆ ವಿಜ್ಞಾನದ ಗಣಿತ ಕಟ್ಟಿದವರು. 1926ರಲ್ಲಿ ತರಂಗದಿಂದ ಸಂಭವನೀಯತೆ ಪಡೆಯುವ ನಿಯಮ ಕೊಟ್ಟವರು. ಇಂಥವರನ್ನು 1933ರಲ್ಲಿ ನಾಜಿ ಸರ್ಕಾರ ಯೆಹೂದಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯಿತು. ಇಂಗ್ಲೆಂಡಿನಲ್ಲಿ ಅವರಿಗೆ ಸಿಕ್ಕದ್ದು ತಾತ್ಕಾಲಿಕ ಕೆಲಸ. ಆಗ ರಾಮನ್ ಅವರನ್ನು ಬೆಂಗಳೂರಿಗೆ ಕರೆದರು. 1935ರಲ್ಲಿ ಬಾರ್ನ್ ಪತ್ನಿಯೊಂದಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಉಪನ್ಯಾಸ ಕೊಟ್ಟರು. ಅವರನ್ನು ಇಲ್ಲಿಯೇ ಕಾಯಂ ಪ್ರಾಧ್ಯಾಪಕರನ್ನಾಗಿ ಉಳಿಸಿಕೊಳ್ಳಬೇಕು ಎಂಬುದು ರಾಮನ್ ಅವರ ಆಸೆ. ಅದಕ್ಕಾಗಿ ಅಧ್ಯಾಪಕರ ಸಭೆಯಲ್ಲಿ ಬಾರ್ನ್ ಅವರನ್ನು ಬಹಳ ಹೊಗಳಿ ಮಾತಾಡಿದರು. ಆಗ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಎದ್ದು, ತನ್ನ ದೇಶವೇ ಹೊರಗೆ ಹಾಕಿದ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎಂಬರ್ಥದ ಮಾತಾಡಿದ. ಬಾರ್ನ್ ಅದೇ ಸಭೆಯಲ್ಲಿ ಕುಳಿತಿದ್ದರು. ಮನೆಗೆ ಹೋಗಿ ಹೆಂಡತಿಯೆದುರು ಅತ್ತೆ ಎಂದು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಆ ಹುದ್ದೆ ಆಗಲಿಲ್ಲ. 1936ರಲ್ಲಿ ಬಾರ್ನ್ ಇಂಗ್ಲೆಂಡಿಗೆ ಮರಳಿ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1954ರಲ್ಲಿ, ನಾನು ಕೇಳಲಾಗದೆ ಕುಳಿತ ಅದೇ ಸಂಭವನೀಯತೆಯ ನಿಯಮಕ್ಕಾಗಿ, ಅವರಿಗೆ ನೊಬೆಲ್ ಬಂತು. ಎರಡನೇ ದರ್ಜೆ ಎಂದವನ ಹೆಸರು ಇಂದು ಈ ಕಥೆಯ ಕಾರಣಕ್ಕಷ್ಟೇ ಉಳಿದಿದೆ. ಈ ಸಂಗತಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ದೊಡ್ಡ ಮನುಷ್ಯನೂ ಒಂದು ಸಭೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದನಲ್ಲ, ಅಷ್ಟಾದರೂ ಕೆಲಸ ಬಿಡಲಿಲ್ಲವಲ್ಲ ಎನಿಸಿತು.

ಇನ್ನು ಬೆಂಗಳೂರಿನಲ್ಲಿ ಉಳಿದವರ ಕಥೆ. ಬಾರ್ನ್ ಇಲ್ಲಿದ್ದ ದಿನಗಳಲ್ಲೇ ರಾಮನ್ ಮತ್ತು ಅವರ ಜೊತೆಗಾರ ಎನ್.ಎಸ್. ನಾಗೇಂದ್ರನಾಥ್ ಶಬ್ದವನ್ನೂ ಬೆಳಕನ್ನೂ ಒಂದೇ ಕಡೆ ತಂದರು. ದ್ರವದಲ್ಲಿ ಕಿವಿಗೆ ಕೇಳದಷ್ಟು ಸೂಕ್ಷ್ಮ ಶಬ್ದದ ಅಲೆ ಎಬ್ಬಿಸಿ, ಅದರ ಮೂಲಕ ಬೆಳಕು ಹಾಯಿಸಿದರೆ ಬೆಳಕು ಹಲವು ಕವಲಾಗಿ ಬಾಗುತ್ತದೆ. ಅದು ಏಕೆ, ಎಷ್ಟು ಎಂಬುದರ ಸಿದ್ಧಾಂತವನ್ನು 1935–36ರಲ್ಲಿ ಪ್ರಕಟಿಸಿದರು. ಅದಕ್ಕೆ ರಾಮನ್–ನಾಥ್ ಸಿದ್ಧಾಂತ ಎಂದೇ ಹೆಸರು. ಶಬ್ದದಿಂದ ಲೇಸರ್ ಬೆಳಕನ್ನು ತಿರುಗಿಸುವ ಉಪಕರಣಗಳು ಇಂದು ಕ್ವಾಂಟಮ್ ಪ್ರಯೋಗಾಲಯಗಳಲ್ಲಿ ಸಾಮಾನ್ಯ.

ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಅಲ್ಲಿ ಎಸ್. ಪಂಚರತ್ನಂ ಎಂಬ ಯುವಕ 1956ರಲ್ಲಿ ಒಂದು ಪ್ರಬಂಧ ಬರೆದ. ಆಗ ಅವನ ವಯಸ್ಸು ಇಪ್ಪತ್ತೆರಡರ ಆಸುಪಾಸು. ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಆಡುತ್ತದೆ ಎಂಬುದನ್ನು ಧ್ರುವೀಕರಣ ಎನ್ನುತ್ತಾರೆ. ಆ ಸ್ಥಿತಿಯನ್ನು ಹಂತ ಹಂತವಾಗಿ ಬದಲಿಸುತ್ತ ಹೋಗಿ ಕೊನೆಗೆ ಮೊದಲಿನ ಸ್ಥಿತಿಗೇ ತಂದರೂ ಬೆಳಕು ಮೊದಲಿನಂತೆಯೇ ಇರುವುದಿಲ್ಲ, ಅದರ ಅಲೆ ಸ್ವಲ್ಪ ಮುಂದೆ ಹಿಂದೆ ಸರಿದಿರುತ್ತದೆ ಎಂದು ಅವನು ತೋರಿಸಿದ. ಪ್ರದಕ್ಷಿಣೆ ಹಾಕಿ ಹೊರಟಲ್ಲಿಗೇ ಬಂದರೂ, ಹಾಕಿದ ಸುತ್ತಿನ ಗುರುತು ಉಳಿಯುತ್ತದೆ ಎನ್ನಬಹುದು. ಜಗತ್ತು ಅದನ್ನು ಬಹುಕಾಲ ಗಮನಿಸಲಿಲ್ಲ. ಪಂಚರತ್ನಂ 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. 1984ರಲ್ಲಿ ಮೈಕೆಲ್ ಬೆರಿ ಕ್ವಾಂಟಮ್ ವಿಜ್ಞಾನದಲ್ಲಿ ಇದೇ ಬಗೆಯ ಸರಿತವನ್ನು ಕಂಡುಹಿಡಿದ ಮೇಲೆ, ಬೆಂಗಳೂರಿನ ವಿಜ್ಞಾನಿಗಳು ಪಂಚರತ್ನಂ ಅವರ ಹಳೆಯ ಪ್ರಬಂಧದತ್ತ ಬೆರಳು ಮಾಡಿದರು. ಈ ತತ್ವ ಬಳಸಿ ಕ್ವಾಂಟಮ್ ಕಂಪ್ಯೂಟರಿನ ಲೆಕ್ಕದ ಹೆಜ್ಜೆಗಳನ್ನು ಕಟ್ಟುವ ವಿಧಾನಗಳೂ ಈಗ ಇವೆ.

ಹಾಗಾದರೆ ಕ್ವಾಂಟಮ್ ಕಂಪ್ಯೂಟರ್ ಎಂದರೇನು? ನಿಸರ್ಗವೇ ಕ್ವಾಂಟಮ್ ನಿಯಮದಂತೆ ನಡೆಯುವಾಗ, ಅದನ್ನು ಲೆಕ್ಕ ಹಾಕುವ ಯಂತ್ರವೂ ಅದೇ ನಿಯಮದಂತೆ ನಡೆಯಬೇಕು ಎಂದು 1981ರಲ್ಲಿ ರಿಚರ್ಡ್ ಫೈನ್‌ಮನ್ ಹೇಳಿದರು. ಸಾಮಾನ್ಯ ಕಂಪ್ಯೂಟರಿನ ‘ಬಿಟ್’ ಸ್ವಿಚ್ಚಿನಂತೆ: ಒಂದೋ ಆನ್, ಇಲ್ಲವೇ ಆಫ್. ‘ಕ್ಯೂಬಿಟ್’ ಎರಡರ ಮಿಶ್ರಣವಾಗಿಯೂ ಇರಬಲ್ಲದು. ಅದು ಎಲ್ಲ ಉತ್ತರಗಳನ್ನೂ ಒಂದೇ ಸಲ ನೋಡಿಬಿಡುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಅರ್ಧ ಸತ್ಯ. ನಿಜವಾದ ಗುಟ್ಟು ನಾನು ಅಂದು ಕೇಳಲಾಗದ ಪ್ರಶ್ನೆಯಲ್ಲಿದೆ.

ತಾಂಬಾದಿಂದ ಇಂಡಿಗೆ ಹೋಗಲು ಒಂದು ದಾರಿ ಇದೆ, ಇನ್ನೊಂದು ದಾರಿಯನ್ನೂ ತೆರೆದರು ಎಂದಿಟ್ಟುಕೊಳ್ಳಿ. ಇಂಡಿ ತಲುಪುವ ಸಂಭವ ಹೆಚ್ಚಬೇಕು, ಕಡಿಮೆಯಾಗಲು ಸಾಧ್ಯವಿಲ್ಲ. ಏಕೆಂದರೆ ಸಂಭವನೀಯತೆಗಳು ಕೂಡುತ್ತವೆ, ಕಳೆಯುವುದಿಲ್ಲ. ಎಲೆಕ್ಟ್ರಾನಿನ ಲೋಕದಲ್ಲಿ ಹಾಗಲ್ಲ. ಅಲ್ಲಿ ಎರಡೂ ದಾರಿ ತೆರೆದರೆ ಕೆಲವು ಜಾಗಕ್ಕೆ ಅದು ತಲುಪುವುದೇ ಇಲ್ಲ! ಪ್ರತಿ ದಾರಿಗೂ ಒಂದು ತರಂಗದ ಅಳತೆ ಇರುತ್ತದೆ. ಅದು ಧನವೂ ಆಗಬಹುದು, ಋಣವೂ ಆಗಬಹುದು. ಮೊದಲು ಅವುಗಳನ್ನು ಕೂಡಿಸಬೇಕು, ಆಮೇಲೆ ವರ್ಗ ಮಾಡಬೇಕು. ಮೊದಲೇ ಸಂಭವನೀಯತೆ ಬರೆದುಬಿಟ್ಟರೆ ಒಂದನ್ನೊಂದು ಅಳಿಸುವ ಈ ಗುಣವೇ ಹೋಗುತ್ತದೆ. ವರ್ಗ ಮಾಡುವುದು ಅದಕ್ಕಾಗಿ. ಗುಮ್ಮಟದ ಗೋಡೆಯ ಬಳಿ ಶಬ್ದ ಏರಿಳಿಯುವಂತೆ, ಬಾವಿಯ ತೆರೆಗಳಂತೆ, ಕ್ವಾಂಟಮ್ ಪ್ರೋಗ್ರಾಮಿನಲ್ಲಿ ತಪ್ಪು ಉತ್ತರಗಳ ಅಲೆಗಳು ಒಂದನ್ನೊಂದು ಅಳಿಸಿ, ಸರಿ ಉತ್ತರದ ಅಲೆ ಎತ್ತರವಾಗುವಂತೆ ಹೊಂದಿಸಬೇಕು. ಕೊನೆಗೆ ಉತ್ತರ ಓದುವಾಗ ಅನ್ವಯಿಸುವುದು ಬಾರ್ನ್ ನಿಯಮ. ವಿದ್ಯುತ್ ಕ್ಷೇತ್ರದಲ್ಲಿ ಹಿಡಿದಿಟ್ಟ ಅಯಾನುಗಳನ್ನು ಕ್ಯೂಬಿಟ್ ಮಾಡಿಕೊಂಡ ಯಂತ್ರಗಳಲ್ಲಿ, ಎರಡು ಲೇಸರ್‌ಗಳ ಶಕ್ತಿಯ ವ್ಯತ್ಯಾಸದಿಂದ ಕ್ಯೂಬಿಟ್ಟನ್ನು ಬದಲಿಸುವ ವಿಧಾನವೊಂದಿದೆ. ಅದಕ್ಕೆ ರಾಮನ್ ಅವರ ಹೆಸರೇ ಇದೆ.

ಇದರಿಂದ ನಮಗೇನು ಎಂದು ಊರಿನ ಹಿರಿಯರು ಕೇಳಬಹುದು. ಹೊಸ ಔಷಧ, ಹೊಸ ವಸ್ತುಗಳ ಅಣುಗಳ ಲೆಕ್ಕ ಮಾಡುವುದು ಒಂದು ಉಪಯೋಗ. ಅದು ಇನ್ನೂ ಬೆಳೆಯುತ್ತಿದೆ. ಇನ್ನೊಂದು ನೇರವಾಗಿ ನಮ್ಮ ಕಿಸೆಯ ಫೋನಿಗೇ ಸಂಬಂಧಿಸಿದ್ದು. ಅಂತರ್ಜಾಲದ ವ್ಯವಹಾರಗಳಿಗೆ ಹಾಕಿರುವ ಬೀಗಗಳಲ್ಲಿ ಕೆಲವು ಬಹಳ ದೊಡ್ಡ ಸಂಖ್ಯೆಯ ಅಪವರ್ತನ ಹುಡುಕುವುದು ಕಷ್ಟ ಎಂಬುದರ ಮೇಲೆ ನಿಂತಿವೆ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಅದು ಸುಲಭವಾಗುತ್ತದೆ ಎಂದು 1994ರಲ್ಲಿ ಪೀಟರ್ ಶೋರ್ ತೋರಿಸಿದರು. ಅಂಥ ಯಂತ್ರ ಇನ್ನೂ ಬಂದಿಲ್ಲ. ಆದರೆ ಬಂದ ಮೇಲೆ ಬೀಗ ಬದಲಿಸಲು ಹೋದರೆ ತಡವಾಗುತ್ತದೆ. ಅದಕ್ಕೇ ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟಿನಲ್ಲಿ ಹೊಸ ಬೀಗಗಳ ಮೂರು ಮಾನಕಗಳನ್ನು ಪ್ರಕಟಿಸಿತು. ಹಳೆಯ ಬೀಗ ತೆಗೆದು ಹೊಸದು ಕೂಡಿಸುವ ಕೆಲಸದಲ್ಲಿ ಜಗತ್ತಿನ ಲಕ್ಷಾಂತರ ಸಾಫ್ಟ್‌ವೇರ್ ಮಂದಿಯಂತೆ ನಾನೂ ಒಬ್ಬ ಕೂಲಿ.

ನಮ್ಮ ದೇಶವೂ ಸುಮ್ಮನೆ ಕುಳಿತಿಲ್ಲ. 2023ರ ಏಪ್ರಿಲ್ 19ರಂದು ಕೇಂದ್ರ ಸಂಪುಟ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಅಡಿಯಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಇರುವುದು ಬಾರ್ನ್ ಅವರನ್ನು ಉಳಿಸಿಕೊಳ್ಳಲಾಗದ ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಬೆಂಗಳೂರಿನ ಒಂದು ಕಂಪನಿ 25 ಕ್ಯೂಬಿಟ್ಟಿನ ಯಂತ್ರವನ್ನು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬೆಳಕಿನ ಒಂದೊಂದೇ ಗಂಟಿನಿಂದ ಗುಪ್ತ ಕೀಲಿ ಕಳಿಸುವ ಪ್ರಯೋಗಗಳು ನಡೆದಿವೆ. ಗೋಳಗುಮ್ಮಟದ ಪಿಸುಮಾತನ್ನು ಗೋಡೆಗೆ ಕಿವಿ ಹಚ್ಚಿದ ಯಾರು ಬೇಕಾದರೂ ಕದ್ದು ಕೇಳಬಹುದು, ಮಾತಾಡಿದವನಿಗೆ ತಿಳಿಯುವುದಿಲ್ಲ. ಈ ಹೊಸ ಪಿಸುಮಾತನ್ನು ನಡುವೆ ಯಾರಾದರೂ ಕದ್ದು ಕೇಳಿದರೆ ಅದು ಕೆಡುತ್ತದೆ, ಕದ್ದದ್ದು ಗೊತ್ತಾಗುತ್ತದೆ. ಇನ್ನೊಂದು ಸೋಜಿಗ: ಕೂದಲೆಳೆಯಷ್ಟು ಚಿಕ್ಕ ಗಾಜಿನ ಗುಂಡಿನೊಳಗೆ ಬೆಳಕು ಅಂಚು ಹಿಡಿದು ಸುತ್ತುವಂತೆ ಮಾಡಿ ಪರಮಾಣುಗಳೊಡನೆ ಅದರ ವ್ಯವಹಾರ ನೋಡುತ್ತಾರೆ. ವಿಜ್ಞಾನಿಗಳು ಅದನ್ನು ಕರೆಯುವುದೇ ‘ಪಿಸುಗುಟ್ಟುವ ಗ್ಯಾಲರಿ’ ಎಂದು. ನಮ್ಮ ಗುಮ್ಮಟದ ಗುಣ ಒಂದು ಗಾಜಿನ ಹನಿಯಲ್ಲಿ!

ಇದು, ಗುರುಗಳೇ, ನಿಮ್ಮ ಪ್ರಶ್ನೆಗೆ ನಾನು ಹುಡುಕಿದ ಉತ್ತರ. ಇದೂ ಪೂರಾ ಅಲ್ಲ. ಆದರೆ ಒಂದು ಮಾತು ಖಾತ್ರಿಯಾಗಿದೆ. ಈ ವಿಜ್ಞಾನ ಎಲ್ಲಿಯೋ ದೂರದ್ದು ಎಂದು ನಾನು ಎರಡು ವರ್ಷ ಬಾಯಿ ಮುಚ್ಚಿಕೊಂಡು ಕುಳಿತದ್ದು ತಪ್ಪು. ಅದು ನಮ್ಮ ಜಿಲ್ಲೆಯ ಗೋಡೆಯನ್ನು ಮುಟ್ಟಿ ಹೋಗಿದೆ.

ಈಗ ಇದೇ ಬೆಂಚುಗಳ ಮೇಲೆ ಕುಳಿತಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ಮುಂದೆ ಯಾವುದೋ ಊರಿನ ಯಾವುದೋ ತರಗತಿಯಲ್ಲಿ ನಿಮ್ಮ ಮಾತು ಕೇಳಿ ಯಾರಾದರೂ ನಗಬಹುದು. ಕುಳಿತುಕೊಳ್ಳಬೇಡಿ. ಕನ್ನಡದಲ್ಲೇ ಪೂರ್ತಿ ಕೇಳಿಬಿಡಿ. ಪ್ರಶ್ನೆ ಗಟ್ಟಿಯಿದ್ದರೆ ಭಾಷೆ ಹಿಂದಿನಿಂದ ಬರುತ್ತದೆ.

ಹಳೆಯ ವಿದ್ಯಾರ್ಥಿಗಳಿಗೆ ಒಂದು ವಿನಂತಿ. ಬರುವ ವಿಜ್ಞಾನ ದಿನಕ್ಕೆ ಫೋಟೋಕ್ಕೆ ಹಾರ ಹಾಕುವುದರ ಜೊತೆಗೆ, ಒಂಬತ್ತನೇ ಇಯತ್ತೆಯ ಮಕ್ಕಳನ್ನು ಗದ್ದಲ ಶುರುವಾಗುವ ಮೊದಲೇ ಗೋಳಗುಮ್ಮಟದ ಮೇಲೆ ಹತ್ತಿಸೋಣ. ಬಸ್ಸಿನ ಖರ್ಚು ನಮ್ಮ ಬ್ಯಾಚಿನದು. ನಾನೂ ಬರುತ್ತೇನೆ. ಗುರುಗಳು ಬರಲು ಒಪ್ಪಿದರೆ, ಗೋಡೆಗೆ ಕಿವಿ ಹಚ್ಚಿ ನಿಲ್ಲುವವನು ಈ ಸಲವೂ ನಾನೇ. ಬುತ್ತಿ ಕಟ್ಟಿಕೊಂಡು ಬರುವುದನ್ನು ಮಾತ್ರ ಮರೆಯಬೇಡಿ.

ನನಗೆ ಅಕ್ಷರ ಕೊಟ್ಟ ಶಾಲೆಗೆ, ಪ್ರಶ್ನೆ ಕೊಟ್ಟ ಗುರುಗಳಿಗೆ ಶರಣು.